ಚಿನ್ನದ ಗಣಿಯ ಟೆನಿಸ್ ಅಂಕಣ

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟ ರೈಲು ಮಾಲೂರನ್ನೂ ಟೇಕಲ್ಲನ್ನೂ ಹಿಂದಿಕ್ಕಿ ಬಂಗಾರಪೇಟೆಯನ್ನು ಮುಟ್ಟಿದ ಮೇಲೆ, ಅಲ್ಲಿಂದ ಕವಲೊಡೆದು ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಮಾರ್ಗವಾಗಿ ಮಾರಿಕುಪ್ಪದವರೆಗೆ ಹೋಗಿ ನಿಂತುಬಿಡುವ ಹತ್ತು ಮೈಲಿಯ ದಾರಿಯೊಂದುಂಟು. 1894ರಲ್ಲಿ ತೆರೆದ ಈ ಹಳಿಗೆ ಗಣಿಯಿಂದಾಚೆಗೆ ಗಮ್ಯವಿಲ್ಲ. ಚಿನ್ನಕ್ಕಾಗಿಯೇ ಹುಟ್ಟಿದ್ದು, ಚಿನ್ನದ ಬಾಯಲ್ಲಿಯೇ ಮುಗಿಯುತ್ತದೆ. ಕೋಲಾರದ ಸೀಮೆಯನ್ನು ಬಲ್ಲವರಿಗೆ ಅಲ್ಲಿನ ನೀರಿನ ಬಡತನವನ್ನು ಬಣ್ಣಿಸಬೇಕಾಗಿಲ್ಲ. ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ಆ ನೆಲದಲ್ಲಿ ಪಾಲಾರವೂ ಮಳೆಯನ್ನು ನಂಬಿಯೇ ಹರಿಯತಕ್ಕದ್ದು. ಮುಳಬಾಗಿಲಿನ ಬಂಡೆಗಳ ಸಂದಿನಲ್ಲಿ ರಾಗಿ ಬಿತ್ತಿದವನೂ, ಶ್ರೀನಿವಾಸಪುರದಲ್ಲಿ ಮಾವಿನ ತೋಪನ್ನು ಕಾಯುವವನೂ, ಕೋಲಾರದ ಕೆರೆಯ ಕೆಳಗೆ ಗದ್ದೆ ಮಾಡುವವನೂ ಆಕಾಶದತ್ತ ಮುಖವೆತ್ತಿಯೇ ಕಾಲ ಕಳೆದವರು. ಅಂಥ ಸೀಮೆಯ ಮಧ್ಯದಲ್ಲಿ, ದಿನವೂ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಬರೆದು ಸಿದ್ಧಗೊಳಿಸಬೇಕಾದ ಟೆನಿಸ್ ಅಂಕಣವೊಂದು ಹೇಗೆ ಬಂದಿತು, ಹೇಗೆ ಬಾಳಿತು ಎಂಬುದು ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ವಿಷಯ.

ಈ ಆಟವೂ ಈ ಗಣಿಯೂ ಹೆಚ್ಚುಕಡಮೆ ಸಮವಯಸ್ಕರು. ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ಬಂದಿದ್ದ ಜಾನ್ ವಾರನ್ 1802ರಲ್ಲಿಯೇ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದನಾದರೂ, ಆ ಬರೆಹವನ್ನು ಓದಿ, ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲಾವೆಲ್ಲೆ ಅಗೆಯುವ ಅನುಮತಿಯನ್ನು ಪಡೆದದ್ದು 1875ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿಯು ಲಾನ್ ಟೆನಿಸ್ಸಿಗೆ ಹಕ್ಕುಪತ್ರ ಮಾಡಿಸಿಕೊಂಡಿದ್ದನು. ಲಾವೆಲ್ಲೆಗೆ ಅನುಮತಿ ದೊರೆತ ಎರಡು ವರ್ಷಗಳ ತರುವಾಯ, 1877ರಲ್ಲಿ, ವಿಂಬಲ್ಡನ್ನಿನ ಮೊದಲ ಪಂದ್ಯಾವಳಿ ನಡೆಯಿತು. ಲಾವೆಲ್ಲೆಯ ಕೈಯ ಹಣ ಕರಗಿತು. ಹಕ್ಕು ಬೇರೆಯವರ ಪಾಲಾಗಿ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ಕಂಪೆನಿಯು ಕಾರ್ನ್‌ವಾಲಿನ ಗಣಿಗಾರರನ್ನೂ ಅವರ ಯಂತ್ರಗಳನ್ನೂ ತಂದಿಳಿಸಿತು. ಅಗೆತ ಇನ್ನೂ ನೆಲೆಗೊಳ್ಳುತ್ತಿದ್ದ 1885ರಲ್ಲಿಯೇ ಕೆ.ಜಿ.ಎಫ್. (ಕೋಲಾರ್ ಗೋಲ್ಡ್ ಫೀಲ್ಡ್ಸ್) ಕ್ಲಬ್ಬು ಸ್ಥಾಪನೆಯಾಯಿತೆಂಬುದನ್ನು ನೆನೆದರೆ, ಆ ಜನ ತಮ್ಮ ಆಟಗಳನ್ನು ಉಡುಗೆ ಊಟಗಳಷ್ಟೇ ಅಗತ್ಯವೆಂದು ಬಗೆದಿದ್ದರೆಂಬುದು ಸ್ಪಷ್ಟವಾಗುತ್ತದೆ.

ಒಂಬತ್ತು ಕುಳಿಗಳ ಗಾಲ್ಫ್ ಮೈದಾನ, ಬಿಲಿಯರ್ಡ್ಸ್ ಮೇಜು, ನರ್ತನಕ್ಕೆ ಹಲಗೆ ಹಾಸಿದ ಅಂಗಳ, ಟೆನಿಸ್ ಅಂಕಣ ಇವೆಲ್ಲವನ್ನೂ ಒಳಗೊಂಡು, ಸಮುದ್ರಮಟ್ಟಕ್ಕೆ ಸುಮಾರು 2,800 ಅಡಿ ಎತ್ತರದ ಹಿತವಾದ ಹವೆಯಲ್ಲಿ ಬೆಳೆದ ಈ ಬಡಾವಣೆಯನ್ನು ಜನ ಕಿರು ಇಂಗ್ಲೆಂಡ್ ಎಂದೇ ಕರೆದರು. ಬಿಸಿಲು ಇಳಿಯತೊಡಗಿದ ಹೊತ್ತಿಗೆ ಬಿಳಿಯ ಉಡುಪಿನ ಎಂಜಿನಿಯರುಗಳೂ ಅವರ ಮಡದಿಯರೂ ರಾಕೆಟ್ ಹಿಡಿದು ಇಳಿಯುವರು. ಬಟ್ಲರನು ಚಹದ ತಟ್ಟೆ ತರುವನು. ಬಲೆಯ ಎರಡು ಕಡೆಗಳಲ್ಲಿಯೂ ಬರಿಗಾಲಿನ ಹುಡುಗರು ಉರುಳಿದ ಚೆಂಡನ್ನು ಹೆಕ್ಕಿ ಕೊಡುವರು. ಅಂಕಣವು ಹುಲ್ಲಿನದಾಗಲಿ ಮಣ್ಣಿನದಾಗಲಿ ನೀರು ಕುಡಿಯದೆ ಬದುಕತಕ್ಕದ್ದಲ್ಲ. ಆ ನೀರು ಪಾಲಾರಕ್ಕೆ ಕಟ್ಟಿದ ಬೇತಮಂಗಲದ ಕೆರೆಯಿಂದ ಕೊಳವೆಗಳಲ್ಲಿ ಬಂದದ್ದು. ದೀಪವಾದರೋ ಇನ್ನೂ ದೂರದ್ದು: 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ 92 ಮೈಲಿ ತಂತಿಯ ಮೇಲೆ ಹರಿದು ಬಂದ ವಿದ್ಯುತ್ತು ಮೊದಲು ತಲಪಿದ್ದು ಈ ಗಣಿಗಳನ್ನು, ರಾಜ್ಯದ ಹಿರಿಯ ನಗರವಾದ ಬೆಂಗಳೂರಿನ ಬೀದಿಗಳು ಅದರ ಬೆಳಕನ್ನು ಕಂಡದ್ದು 1905ರಲ್ಲಿ.

ಆದರೆ ಈ ಅಂಕಣದ ಚರಿತ್ರೆಯನ್ನು ಅಂಕಣದ ಮೇಲೆ ಮಾತ್ರ ನಿಂತು ಬರೆಯುವುದು ನ್ಯಾಯವಲ್ಲವೆಂದು ನಾನು ನಂಬಿದ್ದೇನೆ. ಆಟ ನಡೆಯುತ್ತಿದ್ದ ಅದೇ ಸಂಜೆಯ ಗಳಿಗೆಯಲ್ಲಿ, ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದು ಕೂಲಿ ಲೈನಿನ ತಡಿಕೆ ಮನೆಗಳಲ್ಲಿ ಸಂಸಾರ ಹೂಡಿದ್ದ ತಮಿಳು ತೆಲುಗು ಮಾತಿನ ಸಾವಿರಾರು ಮಂದಿ ಪಂಜರದಂಥ ತೊಟ್ಟಿಯಲ್ಲಿ ನಿಂತು ನೆಲದೊಳಕ್ಕೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ಹತ್ತು ಸಾವಿರ ಅಡಿಗಳನ್ನೂ ಮೀರಿ ಆಳಕ್ಕಿಳಿಯಿತು; ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು. ಮೇಲಿನ ಬೆಟ್ಟದಷ್ಟು ಭಾರವನ್ನು ತಾಳಲಾರದೆ ಆ ಬಂಡೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ರಾಕ್‌ಬರ್ಸ್ಟ್ ಎಂಬ ಈ ಒಂದು ಶಬ್ದವನ್ನು ಅಲ್ಲಿ ಶಾಲೆ ಕಾಣದ ಮುದುಕಿಯೂ ಬಲ್ಲಳು. ಆಳದಲ್ಲಿ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ನಡುಗುವುವು. ಪಾತ್ರೆ ನಡುಗಿದೊಡನೆ ಲೈನಿನ ಹೆಂಗಸರು ಗಣಿಯ ಬಾಯಿಗೆ ಓಡಿ, ಮೇಲೆ ಬರುವ ಒಂದೊಂದು ತೊಟ್ಟಿಯಲ್ಲಿಯೂ ತಮ್ಮವರ ಮುಖವನ್ನು ಹುಡುಕುವರು. ಸುಣ್ಣದ ಗೆರೆಯೂ ಬಲೆಯೂ ಬೆಳ್ಳಿಯ ಬಟ್ಟಲೂ ಈ ಇಳಿತದ ಸಂಪಾದನೆಯಿಂದಲೇ ನಡೆದವು. ಹಾಗೆಂದು ಆಟವನ್ನು ನಿಂದಿಸಲಾರೆ. ಒಳ್ಳೆಯ ಆಟ ಎಲ್ಲಿ ನಡೆದರೂ ಒಳ್ಳೆಯದೇ. ಅದನ್ನು ಆಡುವ ಹಕ್ಕು ಮೈಬಣ್ಣವನ್ನು ನೋಡಿ ಹಂಚಿಕೆಯಾಯಿತೆಂಬುದಷ್ಟೇ ನನ್ನ ನೋವು. ಕ್ಲಬ್ಬಿನ ಬಾಗಿಲು ಬಿಳಿಯರಿಗೆ ತೆರೆದಿತ್ತು. ಕೂಲಿಕಾರನಿಗೆ ಒದಗಿದ್ದು ಗುರುತಿನ ದಾಖಲೆ: ಬೆರಳಚ್ಚು ಒತ್ತಿಸಿ ಹೆಸರು ಬರೆಸಿಕೊಳ್ಳುವ ವ್ಯವಸ್ಥೆಯನ್ನು ವಿರೋಧಿಸಿ 1930ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು.

ಆಟದ ಬೀಜ ಮಾತ್ರ ಬೇಲಿಯೊಳಗೆ ನಿಲ್ಲಲಿಲ್ಲ. ಗಣಿಯ ಬಯಲುಗಳಲ್ಲಿ ಕಾಲ್ಚೆಂಡು, ಹಾಕಿ, ಓಟಗಳು ಬೆಳೆದವು; ಕೋಲಾರದಲ್ಲಿ 1940ರಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿ, ಮರುವರ್ಷ ಅರ್ಜುನ ಪ್ರಶಸ್ತಿಗೆ ಪಾತ್ರನಾದನು.

1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ಆಂಗ್ಲ ಕುಟುಂಬಗಳು ಹಡಗು ಹತ್ತಿದವು. ಬಂಗಲೆಗಳಿಗೂ ಕ್ಲಬ್ಬಿಗೂ ನಮ್ಮವರಾದ ಎಂಜಿನಿಯರುಗಳು ಬಂದರು. 1962ರಲ್ಲಿ ಕೇಂದ್ರ ಸರ್ಕಾರದ ಕೈ ಸೇರಿದ ಗಣಿಯು 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಪಡೆಯಿತು. ಅಷ್ಟರಲ್ಲಿ ಅದಿರಿನ ಸತ್ತ್ವ ಕುಗ್ಗಿತ್ತು. ಅಗೆತದ ವೆಚ್ಚ ಅಗೆದು ತೆಗೆದ ಚಿನ್ನದ ಬೆಲೆಯನ್ನು ಮೀರಿತ್ತು. 2001ರ ಫೆಬ್ರವರಿ 28ರಂದು, ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟಿದ್ದ ಗಣಿಯನ್ನು ಮುಚ್ಚಿದರು. ಪಂಪುಗಳು ನಿಂತು, ಸುರಂಗಗಳಲ್ಲಿ ನೀರು ಏರತೊಡಗಿತು. ಸಂಬಳದ ದಿನವೆಂಬುದು ತಪ್ಪಿದ ಊರಿನಲ್ಲಿ ಸಂಜೆಯ ಆಟಕ್ಕೆ ಆಸರೆ ಎಲ್ಲಿಂದ ಬರಬೇಕು?

ಕ್ಲಬ್ಬಿನ ಹಳೆಯ ಕಟ್ಟಡ ಈಗಲೂ ಇದೆ. ಅದಿರಿನಿಂದ ಚಿನ್ನ ತೆಗೆದುಳಿದ ಪುಡಿಯ ಸೈನೈಡ್ ದಿಬ್ಬಗಳ ಬೂದುಬಣ್ಣದ ಧೂಳು ಗಾಳಿ ಎದ್ದಾಗ ಊರಿನ ಮೇಲೆ ಹರಡುತ್ತದೆ. ಗಣಿಯಲ್ಲಿ ಇಳಿದವರ ಮಕ್ಕಳು ಮೊಮ್ಮಕ್ಕಳು ಕತ್ತಲು ಹರಿಯುವ ಮುನ್ನವೇ ಮಾರಿಕುಪ್ಪದ ರೈಲು ಹತ್ತಿ, ಬುತ್ತಿಯನ್ನು ತೊಡೆಯ ಮೇಲಿರಿಸಿಕೊಂಡು, ಬೆಂಗಳೂರಿನ ಕಾರ್ಖಾನೆಗಳಿಗೂ ಕಚೇರಿಗಳಿಗೂ ಹೋಗುತ್ತಾರೆ. ಹಿಂದೆ ಅಂಕಣದ ಮೇಲೆ ಮೊದಲ ಚೆಂಡು ಹಾರುತ್ತಿದ್ದ ಸಂಜೆಯ ಹೊತ್ತಿಗೆ ಅವರು ಹಿಂತಿರುಗುವ ರೈಲಿಗಾಗಿ ಬೆಂಗಳೂರಿನ ನಿಲ್ದಾಣದಲ್ಲಿ ಕಾದು ನಿಂತಿರುತ್ತಾರೆ.