ನ್ಯೂಟ್ ಲೆಕ್ಕ

2020ರ ಜೂನ್ 30ರಂದು ಇಂಗ್ಲೆಂಡಿನ ಡಡ್ಲಿ ಊರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಭಾಷಣ ಮಾಡಿದರು. ಮನೆ ಕಟ್ಟೋಣ, ರಸ್ತೆ ಮಾಡೋಣ ಅನ್ನೋ ಮಾತಿನ ನಡುವೆ, ನ್ಯೂಟ್ ಎಣಿಸುತ್ತಾ ಆಗುವ ತಡ ದೇಶದ ಏಳಿಗೆಗೆ ಅಡ್ಡಗಾಲು ಅಂತ ದೂರಿದರು. ರಾಜಕೀಯ ಇರ್ಲಿ. ನನಗೆ ಹುಟ್ಟಿದ ಪ್ರಶ್ನೆಯೇ ಬೇರೆ: ಕೆಸರು ಹೊಂಡದೊಳಗಿನ ಪುಟ್ಟ ಪ್ರಾಣಿಯನ್ನು ಎಣಿಸೋದಾದರೂ ಹೇಗೆ?

ನ್ಯೂಟ್ ನೋಡಲು ಹಲ್ಲಿಯಂತೆ, ಆದರೆ ಕಪ್ಪೆಯ ಸಂಬಂಧಿ. ನಮ್ಮ ಕರ್ನಾಟಕದಲ್ಲಿಲ್ಲ, ಕನ್ನಡದಲ್ಲಿ ಹೆಸರೂ ಇಲ್ಲ. ನೋಡಬೇಕೆಂದರೆ ಡಾರ್ಜಿಲಿಂಗ್ ಬೆಟ್ಟಗಳ ಕಡೆ ಹೋಗಬೇಕು. ಬ್ರಿಟನ್ನಿನಲ್ಲಿ ಗಲಾಟೆ ಎಬ್ಬಿಸಿದ್ದು ಗ್ರೇಟ್ ಕ್ರೆಸ್ಟೆಡ್ ನ್ಯೂಟ್. ಗೇಣಿಗಿಂತ ಚಿಕ್ಕದು, ಒರಟು ಕಪ್ಪು ಮೈ, ಕಿತ್ತಳೆ ಹೊಟ್ಟೆ, ವಸಂತದಲ್ಲಿ ಗಂಡಿನ ಬೆನ್ನ ಮೇಲೆ ಗರಗಸದಂಥ ಜುಟ್ಟು. ಹೊಲದ ಹೊಂಡಗಳು ಮುಚ್ಚಿಹೋದಂತೆ ಇದೂ ಕಡಿಮೆಯಾಗುತ್ತಾ ಬಂತು. 1981ರ ವನ್ಯಜೀವಿ ಕಾಯ್ದೆ ರಕ್ಷಣೆ ಕೊಟ್ಟಿತು, 1992ರ ಯುರೋಪಿನ ನಿರ್ದೇಶನ ಅದನ್ನು ಬಿಗಿ ಮಾಡಿತು.

ಕಾಯ್ದೆ ಬಂದ ಮೇಲೆ ಲೆಕ್ಕವೂ ಬೇಕಲ್ಲ? ಹಳೇ ದಾರಿ ಟಾರ್ಚ್: ರಾತ್ರಿ ದಡದ ಸುತ್ತ ನಡೆದು, ಬೆಳಕಿಗೆ ಕಂಡಷ್ಟನ್ನು ಎಣಿಸೋದು. ಇನ್ನೊಂದು ಮೊಟ್ಟೆ ಹುಡುಕಾಟ. ಹೆಣ್ಣು ಒಂದೊಂದೇ ಮೊಟ್ಟೆಯಿಟ್ಟು ಎಲೆಯನ್ನು ಅದರ ಮೇಲೆ ಮಡಿಸುತ್ತೆ, ಥೇಟ್ ಬೀಡಾ ಕಟ್ಟಿದ ಹಾಗೆ. ಮಡಿಕೆ ಬಿಚ್ಚಿದರೆ ಮೊಟ್ಟೆಗೆ ಅಪಾಯ, ಹಾಗಾಗಿ ಒಂದು ಸಿಕ್ಕಿದರೆ ಹುಡುಕಾಟ ನಿಲ್ಲಿಸಬೇಕು.

ನನಗೆ ತುಂಬಾ ಹಿಡಿಸಿದ್ದು ಬಾಟಲಿ. 1985ರಲ್ಲಿ ರಿಚರ್ಡ್ ಗ್ರಿಫಿತ್ಸ್ ಒಂದು ಸರಳ ಬಲೆಯ ಬಗ್ಗೆ ಬರೆದರು. ಇದರ ಸಾಮಾನು ಕೂಲ್ ಡ್ರಿಂಕ್ಸ್ ಬಾಟಲಿ. ಕತ್ತು ಕತ್ತರಿಸಿ, ತಿರುವಿ, ಆಲಿಕೆಯ ಹಾಗೆ ಒಳಗೆ ಸಿಕ್ಕಿಸಿ, ಕೋಲಿಗೆ ಚುಚ್ಚಿ ನೀರಲ್ಲಿ ನೆಡೋದು. ಒಳಗೆ ಗಾಳಿಯ ಗುಳ್ಳೆ ಬಿಡಲೇಬೇಕು, ನ್ಯೂಟ್ ಉಸಿರಾಡೋಕೆ. ಸಂಜೆ ಇಟ್ಟು, ಬೆಳಗ್ಗೆ ಬಿಸಿಲೇರುವ ಮುಂಚೆ ಬಂದು ಬಿಡಿಸಬೇಕು. ತಡವಾದರೆ ಒಳಗೇ ಸಾಯಬಹುದು. ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಈ ಕಷ್ಟ ಗೊತ್ತು.

ಸಿಕ್ಕಿದ್ದು ನಿನ್ನೆಯದೋ ಹೊಸದೋ ಅಂತ ತಿಳಿಯಲು ಹಿಂದೆ ಕಾಲ್ಬೆರಳ ತುದಿ ಕತ್ತರಿಸುತ್ತಿದ್ದರು. 1973ರಲ್ಲಿ ಸ್ವೀಡನ್ನಿನ ಹಾಗ್‌ಸ್ಟ್ರೋಮ್ ಹೊಟ್ಟೆಯ ಫೋಟೋ ತೆಗೆಯುವ ದಾರಿ ತೋರಿಸಿದರು. ಆ ಕಪ್ಪು ಮಚ್ಚೆಗಳು ಪ್ರತಿಯೊಂದಕ್ಕೂ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ.

2001ರ ಸರ್ಕಾರಿ ಮಾರ್ಗಸೂಚಿ ಇದಕ್ಕೆಲ್ಲ ಒಂದು ಶಿಸ್ತು ತಂದಿತು. ಇವೆಯೋ ಇಲ್ಲವೋ ತಿಳಿಯಲು ನಾಲ್ಕು ಭೇಟಿ, ಎಷ್ಟು ಅಂತ ಅಂದಾಜಿಸಲು ಆರು. ಒಂದು ರಾತ್ರಿಯ ಗರಿಷ್ಠ ಎಣಿಕೆ 10ರವರೆಗೆ ಇದ್ದರೆ ಸಣ್ಣ ಸಮೂಹ, 100 ದಾಟಿದರೆ ದೊಡ್ಡದು. ಇದಕ್ಕೆ ಸಿಗೋದು ಮಾರ್ಚ್ ನಡುವಿಂದ ಜೂನ್ ನಡುವಿನವರೆಗಿನ ಮೂರು ತಿಂಗಳು. ಅವಧಿ ತಪ್ಪಿದರೆ ಬಿಲ್ಡರ್ ಮುಂದಿನ ವರ್ಷ ಕಾಯಬೇಕು. ಜಾನ್ಸನ್ ಸಿಟ್ಟಿನ ಬೇರು ಇಲ್ಲಿದೆ.

ಆದರೆ ಅವರು ಸಿಟ್ಟಾಗುವ ಹೊತ್ತಿಗೆ ಎಣಿಕೆಯ ರೀತಿಯೇ ಬದಲಾಗಿತ್ತು. 2008ರಲ್ಲಿ ಫ್ರಾನ್ಸಿನಲ್ಲಿ ಫಿಸೆಟೋಲಾ ತಂಡ ಹೊಂಡದ ನೀರಿನಲ್ಲೇ ಕಪ್ಪೆಯ ಡಿಎನ್ಎ ಪತ್ತೆ ಮಾಡಿತು. 2014ರಿಂದ ಇಂಗ್ಲೆಂಡ್ ನ್ಯೂಟಿಗೂ ಇದನ್ನೇ ಒಪ್ಪಿತು. ಹೊಂಡದ ಸುತ್ತ 20 ಕಡೆ ನೀರು ತೆಗೆದು, ಬೆರೆಸಿ, ಆರು ಟ್ಯೂಬಿಗೆ ಹಾಕಿ ಲ್ಯಾಬಿಗೆ ಕಳಿಸಿದರಾಯ್ತು. 35 ಹೊಂಡಗಳ ಹೋಲಿಕೆಯಲ್ಲಿ ಡಿಎನ್ಎ ಸುಮಾರು 99% ಸಲ ನ್ಯೂಟ್ ಪತ್ತೆ ಮಾಡಿತು. ಟಾರ್ಚ್, ಬಾಟಲಿ 75%ರ ಆಸುಪಾಸು, ಮೊಟ್ಟೆ ಹುಡುಕಾಟ 44%.

ಅದ್ಭುತವೇ ಸರಿ. ಆದರೆ ನನಗೆ ಒಂದು ಚುಚ್ಚುತ್ತೆ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದರೆ, ನಂಬರ್ ಇದ್ದ ಜಾಗಕ್ಕೆ ಟ್ರೂ-ಫಾಲ್ಸ್ ಬಂತು. ಟಾರ್ಚ್ ಹಿಡಿದವರ ಪುಸ್ತಕದಲ್ಲಿ ಒಂದು ಹೊಂಡ 120ರಿಂದ 60ಕ್ಕೆ, ಆಮೇಲೆ ಆರಕ್ಕೆ ಇಳಿದದ್ದು ಕಾಣುತ್ತಿತ್ತು. ಡಿಎನ್ಎ ವರದಿಯಲ್ಲಿ ಮೂರೂ ವರ್ಷ 'ಪಾಸಿಟಿವ್' ಅಂತ ಬರಬಹುದು. ಎಷ್ಟಿವೆ ಅಂತ ತಿಳಿಯಲು ಮತ್ತೆ ರಾತ್ರಿ ಹೊರಡಲೇಬೇಕು. ಈಗ ಜಿಲ್ಲಾ ಮಟ್ಟದ ಪರವಾನಗಿ ಬಂದಿದೆ: ಬಿಲ್ಡರ್ ದುಡ್ಡು ಕಟ್ಟುತ್ತಾನೆ, ಬೇರೆಡೆ ಹೊಸ ಹೊಂಡ ತೋಡುತ್ತಾರೆ. ಹೊಸ ಹೊಂಡ ಒಳ್ಳೆಯದೇ. ಆದರೆ ಕಟ್ಟಡ ಏಳುವ ಜಾಗದ ಹಳೇ ಹೊಂಡದಲ್ಲಿ ಎಷ್ಟಿದ್ದವು ಅಂತ ಎಣಿಸಲೇಬೇಕೆಂಬ ಕಟ್ಟುಪಾಡು ಅಂಥ ಕಡೆ ಉಳಿದಿಲ್ಲ.