ಗಾರೆಯಿಂದ ಸಿಮೆಂಟಿಗೆ: ಮಧುಗಿರಿ–ಶಿರಾ ಸೀಮೆಯ ಸಾಕ್ಷ್ಯ

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಬುಸುಗುಟ್ಟುತ್ತ ಅರಳುತ್ತದೆ. ಮರಳು ಸೇರಿಸಿ ಅರೆದರೆ ಗಾರೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಂಡು ಗಾರೆ ನಿಧಾನವಾಗಿ ಕಲ್ಲಾಗುತ್ತದೆ. ಗಾಳಿಯಾಡದ ನೀರಿನಡಿಯಲ್ಲಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಸಿಮೆಂಟಿನ ಚರಿತ್ರೆ ಹೆಚ್ಚಾಗಿ ಈ ಕೊರತೆಯನ್ನು ನೀಗಿಕೊಂಡ ಚರಿತ್ರೆ.

ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ರಾಮನಗರದಿಂದ ಉತ್ತರಕ್ಕೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಇಲ್ಲಿನ ಬೆಟ್ಟಗಳನ್ನು ಕಟ್ಟಿಕೊಟ್ಟಿದೆ. ಮಧುಗಿರಿಯ ಏಕಶಿಲೆಯೂ ಅದರ ಭಾಗವೇ. ಕಗ್ಗಲ್ಲನ್ನು ಸುಟ್ಟರೆ ಸುಣ್ಣ ಬರುವುದಿಲ್ಲವಾದ್ದರಿಂದ ಗಾರೆ ಇಲ್ಲಿ ಜೋಪಾನವಾಗಿ ಬಳಸಬೇಕಾದ ವಸ್ತು. ಇಲ್ಲಿನ ಕೋಟೆಗಳ ಗೋಡೆಯ ಭಾರವನ್ನು ದಪ್ಪ ಕಲ್ಲುಗಳೇ ಹೊತ್ತವು. ಗಾರೆಯ ಪಾಲಿಗೆ ಬಂದದ್ದು ಸಂದು ತುಂಬುವ, ಮೇಲೆ ಗಿಲಾವು ಮಾಡುವ ಕೆಲಸ. ಶಿರಾದಲ್ಲಿ 1651ರ ಮಲಿಕ್ ರಿಹಾನ್ ದರ್ಗಾದ ಗುಮ್ಮಟದಲ್ಲಿ ಗಾರೆಯ ನಯವಾದ ರೂಪ ಕಾಣುತ್ತದೆ.

ಗಾರೆ ಅರೆಯಲು ಗಾಣವಿರುತ್ತಿತ್ತು. ವೃತ್ತಾಕಾರದ ಕಲ್ಲಿನ ಕಾಲುವೆಯಲ್ಲಿ ಎತ್ತುಗಳು ಕಲ್ಲಿನ ಗಾಲಿಯನ್ನು ಸುತ್ತಿಸುತ್ತಿದ್ದವು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವ ರೂಢಿ ದಕ್ಷಿಣದಲ್ಲೆಲ್ಲ ಇತ್ತು. ಇವುಗಳಿಗಿಂತ ಮುಖ್ಯವಾದದ್ದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತವೆ, ಗಾಳಿಯ ಹಂಗಿಲ್ಲ. ರೋಮನ್ನರು ಪೊಝುವೋಲಿಯ ಜ್ವಾಲಾಮುಖಿ ಬೂದಿಯಿಂದ ಪಡೆದದ್ದೂ ಇದೇ ಗುಣ.

ಸುರ್ಕಿ ಗಾರೆಯ ದೊಡ್ಡ ಪರೀಕ್ಷೆ ನಡೆದದ್ದು ಶಿರಾಕ್ಕೆ ಹೊಂದಿಕೊಂಡ ಹಿರಿಯೂರು ತಾಲ್ಲೂಕಿನಲ್ಲಿ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ತುಂಬಿದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 1911ರಲ್ಲಿ ಆರಂಭವಾದ ಕೃಷ್ಣರಾಜ ಸಾಗರಕ್ಕೂ ಸುರ್ಕಿ ಗಾರೆಯೇ ಆಧಾರ. ಸುರ್ಕಿಯ ಈ ಬಳಕೆಯನ್ನು ಹಳೆಯ ಕಾಲದ ಅನಿವಾರ್ಯವೆಂದು ತಳ್ಳಿಹಾಕುವುದು ತಪ್ಪು.

ಅಷ್ಟರಲ್ಲಿ ಯೂರೋಪು ಬೇರೆ ದಾರಿ ಹಿಡಿದಿತ್ತು. ಎಡಿಸ್ಟನ್ ದೀಪಸ್ತಂಭಕ್ಕಾಗಿ ಪ್ರಯೋಗ ನಡೆಸಿದ ಜಾನ್ ಸ್ಮೀಟನ್, ಜೇಡಿ ಬೆರೆತ ಸುಣ್ಣಕಲ್ಲೇ ನೀರಿನಲ್ಲಿ ಗಟ್ಟಿಯಾಗುವ ಸುಣ್ಣ ಕೊಡುತ್ತದೆಂದು 1750ರ ದಶಕದಲ್ಲಿ ಕಂಡುಕೊಂಡ. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಹೆಸರಿನಲ್ಲಿ ಪೇಟೆಂಟ್ ಪಡೆದ. ಇಂದಿನ ಅರ್ಥದ ಸಿಮೆಂಟಿಗೆ ಬೇಕಾದಷ್ಟು ಶಾಖ ಅವನ ಗೂಡಿನಲ್ಲಿರಲಿಲ್ಲ. ಕರಗುವ ಅಂಚಿನವರೆಗೆ ಸುಡುವ ಗುಟ್ಟನ್ನು 1840ರ ದಶಕದಲ್ಲಿ ಐಸಾಕ್ ಜಾನ್ಸನ್ ಹಿಡಿದ. ಭಾರತದಲ್ಲಿ 1904ರ ಮದರಾಸಿನ ಪ್ರಯತ್ನ ಕೈಗೂಡಲಿಲ್ಲ. 1914ರಲ್ಲಿ ಪೋರಬಂದರಿನಲ್ಲಿ ಉದ್ಯಮ ನೆಲೆಯೂರಿತು. ಮೈಸೂರು ಸಂಸ್ಥಾನದ ಸಿಮೆಂಟು 1930ರ ದಶಕದ ಕೊನೆಯಲ್ಲಿ ಭದ್ರಾವತಿಯಿಂದ ಬಂತು.

ತುಮಕೂರು ಜಿಲ್ಲೆಯ ಸರದಿ ಬಂದದ್ದು 1958ರಲ್ಲಿ ಮೈಸೂರು ಸಿಮೆಂಟ್ಸ್ ಕಂಪನಿ ಸ್ಥಾಪನೆಯಾದಾಗ. ಅದರ ಕಾರ್ಖಾನೆ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ. ಜಿಲ್ಲೆಯ ಪೂರ್ವದಲ್ಲಿ ಗ್ರಾನೈಟ್ ಇದ್ದರೆ, ಪಶ್ಚಿಮದಲ್ಲಿ ಚಿಕ್ಕನಾಯಕನಹಳ್ಳಿಯ ಮೇಲೆ ಹಾದುಹೋಗುವ ಶಿಸ್ಟ್ ಪಟ್ಟಿಯಲ್ಲಿ ಸುಣ್ಣಕಲ್ಲಿದೆ. ಮಧುಗಿರಿಗಿಂತ ಅಮ್ಮಸಂದ್ರದ ಕಡೆ ಕಾರ್ಖಾನೆಗೆ ಅನುಕೂಲ ಹೆಚ್ಚು.

ಸಿಮೆಂಟು ತಯಾರಿಕೆಯಲ್ಲಿ ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ನುಣ್ಣಗೆ ಅರೆದು, ಓರೆಯಾಗಿ ಮಲಗಿದ ಉರುಳುಗೂಡಿನ ಮೇಲ್ತುದಿಯಿಂದ ಬಿಡುತ್ತಾರೆ. ಕೆಳತುದಿಯ ಬೆಂಕಿಯತ್ತ ಜಾರುವ ಪುಡಿಯಿಂದ ಮೊದಲು ಇಂಗಾಲದ ಡೈಆಕ್ಸೈಡ್ ಕಳೆದುಹೋಗುತ್ತದೆ. ಸುಮಾರು 1450 ಡಿಗ್ರಿಯಲ್ಲಿ ಸುಣ್ಣವೂ ಸಿಲಿಕಾವೂ ಕೂಡಿ ಕ್ಯಾಲ್ಸಿಯಂ ಸಿಲಿಕೇಟುಗಳಾಗಿ, ಗೋಲಿಯಂಥ ಕಪ್ಪು ಉಂಡೆಗಳು ಬೀಳುತ್ತವೆ. ಇದು ಕ್ಲಿಂಕರ್. ತಣಿಸಿ, ಶೇ. 3ರಿಂದ 5ರಷ್ಟು ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು. ಜಿಪ್ಸಮ್ ಇಲ್ಲದಿದ್ದರೆ ಮೇಸ್ತ್ರಿ ಕರಣೆ ಎತ್ತುವಷ್ಟರಲ್ಲಿ ಅದು ಬಿಗಿದುಕೊಂಡಿರುತ್ತದೆ. ಸುರ್ಕಿ ಗಾರೆಯಲ್ಲಿ ಗೋಡೆಯ ಮೇಲೆ ತಿಂಗಳುಗಟ್ಟಲೆ ನಡೆಯುತ್ತಿದ್ದ ಕೂಡಿಕೆಯ ಬಹುಪಾಲನ್ನು ಗೂಡೇ ಮುಗಿಸಿಕೊಡುತ್ತದೆ. ಸಿಮೆಂಟಿನ ವೇಗಕ್ಕೆ ಕಾರಣ ಅಷ್ಟೇ.

ಸುರ್ಕಿಯ ತತ್ವ ಅಳಿದುಹೋಗಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಪೊಝೊಲಾನಾ ಸಿಮೆಂಟಿನಲ್ಲಿ ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿ ಶೇ. 15ರಿಂದ 35ರಷ್ಟಿರುತ್ತದೆ. ಅಲ್ಲಿ ಬೂದಿ ಮಾಡುವುದು ಇಟ್ಟಿಗೆ ಪುಡಿ ಮಾಡುತ್ತಿದ್ದ ಕೆಲಸವನ್ನೇ. ಸಿಮೆಂಟನ್ನು ಕಲಸಿ ಗೋಡೆಗೆ ಬಳಿಯುವವರನ್ನು ಈ ಸೀಮೆಯ ಜನ ಈಗಲೂ ಗಾರೆ ಕೆಲಸದವರೆಂದೇ ಕರೆಯುತ್ತಾರೆ.