ಕ್ಲೋಕಿಂಗ್: ಶೋಧಯಂತ್ರಕ್ಕೊಂದು ಪುಟ, ಓದುಗರಿಗೊಂದು ಪುಟ

ಒಂದೇ ವಿಳಾಸದ ಜಾಲಪುಟವು ಶೋಧಯಂತ್ರಕ್ಕೆ ಒಂದು ರೂಪದಲ್ಲಿಯೂ ಓದುಗರಿಗೆ ಮತ್ತೊಂದು ರೂಪದಲ್ಲಿಯೂ ಕಾಣುವಂತೆ ಮಾಡುವ ತಂತ್ರಕ್ಕೆ ಕ್ಲೋಕಿಂಗ್ ಎಂದು ಹೆಸರು. ಕ್ಲೋಕ್ ಎಂದರೆ ಮೈಮುಚ್ಚುವ ನಿಲುವಂಗಿ. ಮರೆಮಾಚುವುದು ಎಂಬ ಅರ್ಥ ಅದರಿಂದಲೇ ಬಂದಿದೆ. ಹುಡುಕಾಟದ ಫಲಿತಾಂಶಗಳಲ್ಲಿ ಅರ್ಹತೆಯಿಲ್ಲದೆ ಮೇಲಿನ ಸ್ಥಾನ ಗಳಿಸುವುದೇ ಇದರ ಮುಖ್ಯ ಉದ್ದೇಶ.

ಸ್ಥಾನದ ಬೆಲೆ

ಭದ್ರಾ ನದಿಯ ದಡದಲ್ಲಿರುವ ಬಾಳೆಹೊನ್ನೂರಿಗೆ ರಂಭಾಪುರಿ ಪೀಠದ ದರ್ಶನಕ್ಕೆಂದು ಭಕ್ತರು ಬರುತ್ತಾರೆ. ಸಮೀಪದಲ್ಲಿಯೇ, 1925ರಲ್ಲಿ ಪ್ರಯೋಗ ಕೇಂದ್ರವಾಗಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಮಲೆನಾಡು ನೋಡಲು ಬರುವವರೂ ಅನೇಕರು. ಇಂಥವರು ಊರಿನ ಹೆಸರಿನೊಡನೆ ಹೋಂಸ್ಟೇ ಎಂದು ಟೈಪಿಸಿದಾಗ ಮೊದಲ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೇ ಹೆಚ್ಚಾಗಿ ದೂರವಾಣಿ ಕರೆ ಹೋಗುತ್ತದೆ. ತೋಟದ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟು, ಕಾಫಿ ಬೆಲೆ ಕುಸಿದ ವರ್ಷವನ್ನು ದಾಟುವ ಕುಟುಂಬಕ್ಕೆ ಈ ಸ್ಥಾನ ಸಣ್ಣ ಸಂಗತಿಯಲ್ಲ. ಮೋಸದಿಂದ ಒಬ್ಬರು ಮೇಲೇರಿದರೆ ಪ್ರಾಮಾಣಿಕರೊಬ್ಬರು ಕೆಳಗಿಳಿಯುತ್ತಾರೆ.

ನಡೆಯುವ ಬಗೆ

ಶೋಧಯಂತ್ರಗಳು ಕ್ರಾಲರ್ ಎಂಬ ತಂತ್ರಾಂಶವನ್ನು ಜಾಲತಾಣಗಳಿಗೆ ಕಳುಹಿಸುತ್ತವೆ. ಅದು ಪುಟಗಳನ್ನು ಓದಿ ತರುತ್ತದೆ. ತಂದದ್ದನ್ನು ಸೂಚಿಯಲ್ಲಿ ಸೇರಿಸಿ, ಅದರ ಆಧಾರದಿಂದ ಸ್ಥಾನ ನಿರ್ಧರಿಸಲಾಗುತ್ತದೆ. ಕ್ರಾಲರ್ ಓದಿದ್ದನ್ನೇ ಓದುಗರೂ ನೋಡುತ್ತಾರೆ ಎಂಬ ನಂಬಿಕೆಯೇ ಈ ವ್ಯವಸ್ಥೆಯ ತಳಹದಿ.

ಪುಟವನ್ನು ಕೇಳುವ ತಂತ್ರಾಂಶವು ಸಾಮಾನ್ಯವಾಗಿ ಸರ್ವರ್‌ಗೆ ತನ್ನ ಹೆಸರನ್ನು ತಿಳಿಸುತ್ತದೆ. ಗೂಗಲ್‌ನ ಕ್ರಾಲರ್ ತನ್ನನ್ನು ಗೂಗಲ್‌ಬಾಟ್ ಎಂದು ಪರಿಚಯಿಸಿಕೊಳ್ಳುತ್ತದೆ. ಕ್ಲೋಕಿಂಗ್ ಮಾಡುವವರು ಈ ಹೆಸರನ್ನಾಗಲಿ, ಬಂದವರ ಐಪಿ ವಿಳಾಸವನ್ನಾಗಲಿ ಪರಿಶೀಲಿಸಿ, ಕ್ರಾಲರ್‌ಗೆ ಪದಗಳಿಂದ ತುಂಬಿದ ಪುಟವನ್ನೂ ಜನರಿಗೆ ಬೇರೊಂದನ್ನೂ ಕೊಡುತ್ತಾರೆ. ಕ್ರಾಲರ್ ಓದಿದ ಪುಟವು ಓದುಗ ಬಂದೊಡನೆ ಜಾವಾಸ್ಕ್ರಿಪ್ಟ್ ಮೂಲಕ ಅವನನ್ನು ಮತ್ತೊಂದು ಪುಟಕ್ಕೆ ಕಳುಹಿಸುವುದು ಇದರ ಹತ್ತಿರದ ಬಂಧು.

ಇಂಥ ಪುಟಗಳ ಪ್ರಸಿದ್ಧ ಪ್ರಕರಣ 2006ರದು. ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಜಾಲತಾಣದಲ್ಲಿ, ಬಳಸಿದ ಕಾರು ಎಂಬರ್ಥದ ಜರ್ಮನ್ ಪದವನ್ನು ಮತ್ತೆ ಮತ್ತೆ ಬರೆದ ಪುಟಗಳಿದ್ದವು. ಅಲ್ಲಿಗೆ ಬಂದ ಓದುಗರಿಗೆ ಕಾಣುತ್ತಿದ್ದುದು ಬೇರೆ ಪುಟ. ಆ ವರ್ಷದ ಫೆಬ್ರವರಿಯಲ್ಲಿ ಗೂಗಲ್ ಈ ತಾಣವನ್ನು ಸೂಚಿಯಿಂದ ತೆಗೆದುಹಾಕಿತು. ಆ ಪುಟಗಳನ್ನು ಅಳಿಸಿದ ಮೇಲೆ, ಕೆಲವೇ ದಿನಗಳಲ್ಲಿ ತಾಣ ಮತ್ತೆ ಸೂಚಿಗೆ ಸೇರಿತು.

ಕ್ಲೋಕಿಂಗ್ ಅಲ್ಲದ್ದು

ಪುಟ ಬೇರೆಯಾಗಿ ಕಂಡದ್ದೆಲ್ಲ ಮೋಸವಲ್ಲ. ಮೊಬೈಲ್‌ಗೆ ತಕ್ಕಂತೆ ವಿನ್ಯಾಸ ಬದಲಿಸುವುದು ನ್ಯಾಯವೇ. ಚಂದಾ ಕೊಟ್ಟವರಿಗೆ ಮಾತ್ರ ಓದಲು ಸಿಗುವ ಲೇಖನವನ್ನು ಕ್ರಾಲರ್‌ಗೆ ಪೂರ್ತಿ ತೋರಿಸುವುದಕ್ಕೂ, ಅದನ್ನು ನಿಯಮದಂತೆ ಸೂಚಿಸಿದರೆ, ಗೂಗಲ್‌ನ ಅನುಮತಿಯಿದೆ.

ಕನ್ನಡದ ಅನುಭವವೊಂದು ಇಲ್ಲಿ ನೆನಪಿಗೆ ಬರುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನವಿದ್ದರೂ, ಬಹುಕಾಲ ಅನೇಕ ಕನ್ನಡ ಜಾಲತಾಣಗಳು ತಮ್ಮದೇ ಫಾಂಟುಗಳನ್ನು ಬಳಸಿದವು. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿದ್ದುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಕ್ರಾಲರ್‌ಗೆ ಅದು ಅರ್ಥವಿಲ್ಲದ ಸರಣಿ. ಅಲ್ಲಿ ವಂಚನೆಯ ಉದ್ದೇಶವಿರಲಿಲ್ಲ, ಲಾಭವೂ ಸಿಗಲಿಲ್ಲ. ಕನ್ನಡದಲ್ಲಿ ಹುಡುಕಿದವರಿಗೆ ಆ ಬರಹಗಳು ದೊರೆಯಲಿಲ್ಲ, ಅಷ್ಟೆ. ಕ್ಲೋಕಿಂಗ್ ಅನ್ನು ಗುರುತಿಸುವುದು ವ್ಯತ್ಯಾಸದಿಂದಲ್ಲ, ದಾರಿ ತಪ್ಪಿಸುವ ಉದ್ದೇಶದಿಂದ.

ಮಾಲೀಕನಿಗೇ ಕಾಣದ ಮೋಸ

ಇಂದು ಸಣ್ಣ ಜಾಲತಾಣಗಳಿಗಿರುವ ದೊಡ್ಡ ಅಪಾಯ ಬೇರೆಯವರು ನುಗ್ಗಿ ಮಾಡುವ ಕ್ಲೋಕಿಂಗ್. ನವೀಕರಿಸದ ತಂತ್ರಾಂಶದ ಬಿರುಕಿನಿಂದ ಒಳಹೊಕ್ಕವರು ಔಷಧ, ಜೂಜು ಮೊದಲಾದವುಗಳ ಪುಟಗಳನ್ನು ಸೇರಿಸಿ, ಅವು ಕ್ರಾಲರ್‌ಗೆ ಮಾತ್ರ ಕಾಣುವಂತೆ ಮಾಡುತ್ತಾರೆ. ಮಾಲೀಕ ತನ್ನ ತಾಣವನ್ನು ತೆರೆದರೆ ಎಲ್ಲವೂ ಎಂದಿನಂತೆಯೇ ಇರುತ್ತದೆ. ದೊಡ್ಡವರೂ ಇದರಿಂದ ಪಾರಾಗಿಲ್ಲ: ಭಾರತದ ಹಲವು ಸರ್ಕಾರಿ ಜಾಲತಾಣಗಳ ಕೊಂಡಿಗಳು ಆನ್‌ಲೈನ್ ಬೆಟ್ಟಿಂಗ್ ತಾಣಗಳಿಗೆ ಕರೆದೊಯ್ಯುತ್ತಿದ್ದುದು 2024ರಲ್ಲಿ ಬೆಳಕಿಗೆ ಬಂತು.

ಗೂಗಲ್‌ನ ನಿಯಮಗಳ ಪ್ರಕಾರ ಕ್ಲೋಕಿಂಗ್ ಮಾಡಿದ ತಾಣದ ಸ್ಥಾನ ಕುಸಿಯಬಹುದು, ಇಲ್ಲವೇ ತಾಣವೇ ಫಲಿತಾಂಶಗಳಿಂದ ಮರೆಯಾಗಬಹುದು. ಹೀಗಾಗಿ ಪುಟ ಸೇರಿಸಿದವರು ಬೇರೆಯವರಾದರೂ ನಷ್ಟ ತಾಣದ ಒಡೆಯನದು.

ಪರೀಕ್ಷಿಸಿಕೊಳ್ಳುವ ಮಾರ್ಗಗಳಿವೆ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ತಾಣವನ್ನು ನೋಂದಾಯಿಸಿ, ತನ್ನ ಪುಟ ಗೂಗಲ್‌ಬಾಟ್‌ಗೆ ಹೇಗೆ ಕಾಣುತ್ತದೆ ಎಂಬುದನ್ನು ಮಾಲೀಕರು ನೋಡಬಹುದು. ತಾವು ಬರೆಯದ ಪುಟಗಳು ಫಲಿತಾಂಶಗಳಲ್ಲಿ ಕಂಡರೆ ತಾಣಕ್ಕೆ ಯಾರೋ ನುಗ್ಗಿದ್ದಾರೆಂದೇ ತಿಳಿಯಬೇಕು. ಅಂಥ ಪುಟಗಳನ್ನು ಅಳಿಸಿ, ಗುಪ್ತಪದ ಬದಲಿಸಿ, ತಂತ್ರಾಂಶವನ್ನು ನವೀಕರಿಸಬೇಕು. ಗೂಗಲ್ ದಂಡನಾ ಕ್ರಮ ಕೈಗೊಂಡಿದ್ದರೆ, ಬಳಿಕ ಮರುಪರಿಶೀಲನೆಗೆ ಮನವಿ ಸಲ್ಲಿಸಲು ಅವಕಾಶವಿದೆ.

ಕಡಿಮೆ ಖರ್ಚಿನಲ್ಲಿ ಮೊದಲ ಸ್ಥಾನ ಕೊಡಿಸುವ ಭರವಸೆ ನೀಡುವವರಿಗೆ ಜಾಲತಾಣದ ಗುಪ್ತಪದ ಒಪ್ಪಿಸುವ ಮುನ್ನ, ಅವರು ಅನುಸರಿಸುವ ವಿಧಾನವನ್ನು ಬರಹದಲ್ಲಿ ಪಡೆಯುವುದು ಒಳಿತು.